ನಾಲೆಯ ಮೇಲ್ಭಾಗದವನ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ: ಚನ್ನಗಿರಿ ತಾಲ್ಲೂಕಿನಲ್ಲಿ ಭದ್ರಾ ಬಲದಂಡೆ ನಾಲೆಗೆ ಹತ್ತಿಕೊಂಡೇ ನಮ್ಮ ನಾಲ್ಕು ಎಕರೆ ಅಡಿಕೆ ತೋಟವಿದೆ. ಬೇಸಿಗೆಯಲ್ಲಿ ಐದು ಎಚ್‌ಪಿ ಪಂಪು ಇಟ್ಟು ನಾಲೆಯಿಂದ ನೀರೆತ್ತುತ್ತೇವೆ. ಅಕ್ಕಪಕ್ಕದವರೂ ಹಾಗೆಯೇ ಮಾಡುತ್ತಾರೆ. ತಂಗಿಯನ್ನು ಹರಿಹರ ತಾಲ್ಲೂಕಿನ ಕೊನೆಭಾಗದ ಊರಿಗೆ ಕೊಟ್ಟಿದ್ದೇವೆ. ಅವಳ ಗಂಡ ಹಬ್ಬಕ್ಕೆ ಬಂದಾಗಲೆಲ್ಲ ‘ನಮ್ಮ ಭತ್ತ ಒಣಗಿಸುತ್ತಿರುವವರು ನೀವೇ’ ಎನ್ನುತ್ತಾರೆ. ಇತ್ತ ಚಳ್ಳಕೆರೆ ಕಡೆ ನನ್ನ ಹೆಂಡತಿಯ ತವರಿನವರು ಕೊಳವೆಬಾವಿಯಿಂದ ಮನಸ್ಸಿಗೆ ಬಂದಷ್ಟು ನೀರು ತೆಗೆಯುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲ. ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಏಕೆ ಎಂಬುದು ನನ್ನ ವಾದ. ಕಾನೂನು ಓದುತ್ತಿರುವ ಮಗನೋ, ಕರ್ತವ್ಯ ಎಂದಮೇಲೆ ಎಲ್ಲರಿಗೂ ಎಲ್ಲ ಕಡೆಯೂ ಒಂದೇ ಇರಬೇಕು ಎನ್ನುತ್ತಾನೆ. ಒಂದೇ ನೀರು ಒಂದು ಕಡೆ ಹಕ್ಕು, ಇನ್ನೊಂದು ಕಡೆ ಕಳವು ಹೇಗಾಗುತ್ತದೆ? ಅಷ್ಟು ದೂರದ ಗದ್ದೆಗೆ ನಾನೇಕೆ ಹೊಣೆ?

ಉತ್ತರ: ಮೊದಲು ಪಂಪನ್ನು ಕಿತ್ತು ಮನೆಗೆ ಒಯ್ಯಿರಿ. ಅಕ್ಕಪಕ್ಕದವರೂ ಹಾಗೆಯೇ ಮಾಡುತ್ತಾರೆ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ, ತಂಗಿಯ ಮನೆಯ ಪಡಸಾಲೆಯಲ್ಲಂತೂ ಇನ್ನೂ ನಿಲ್ಲುವುದಿಲ್ಲ. 1965ರ ಕರ್ನಾಟಕ ನೀರಾವರಿ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ನಾಲೆಯಿಂದ ನೀರೆತ್ತುವುದು ಅಪರಾಧ. ಕೊನೆಭಾಗಕ್ಕೆ ನೀರು ತಲುಪುತ್ತಿಲ್ಲ ಎಂಬ ಕಾರಣಕ್ಕೇ 2024ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿ ಮಾಡಲಾಯಿತು. ಇದರ ಜೊತೆಗೆ, ಕೃಷಿಗೆ ಹೋಗುವ ನೀರು ಕಡಿಮೆಯಾಗುವಂತೆ ಕೇಡು ಮಾಡುವವರಿಗೆ ಐದು ವರ್ಷದವರೆಗೆ ಸೆರೆವಾಸ ವಿಧಿಸುವ ಕಲಂ ಹಳೆಯ ದಂಡಸಂಹಿತೆಯಲ್ಲಿ 430 ಆಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 326ರೊಳಗೆ ಸೇರಿದೆ. ಶಿಕ್ಷೆಯ ವಿಚಾರ ಇಷ್ಟು ಸಾಕು. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ನೀವು ಕೇಳಿಲ್ಲ. ದೂರದವನಿಗೆ ತಾನೇಕೆ ಹೊಣೆ ಎಂದು ಕೇಳಿದ್ದೀರಿ. ಅದು ಹೆಚ್ಚು ಒಳ್ಳೆಯ ಪ್ರಶ್ನೆ.

ನಿಮ್ಮ ಗಾದೆ ತಪ್ಪಲ್ಲ, ಅದನ್ನು ಹೇಳುತ್ತಿರುವ ಜಾಗ ತಪ್ಪು. ಹೊಳೆಯ ದಂಡೆಯಲ್ಲಿ ಜಮೀನಿರುವವನು ಕುಡಿಯಲು, ಮನೆಬಳಕೆಗೆ, ದನಕರುಗಳಿಗೆ, ನೀರಾವರಿಗೆ ಹೊಳೆಯ ನೀರನ್ನು ಬಳಸಬಹುದು ಎಂದು 1882ರ ಅನುಭೋಗ ಹಕ್ಕುಗಳ ಕಾಯ್ದೆಯೇ ಉದಾಹರಣೆ ಕೊಟ್ಟು ಹೇಳುತ್ತದೆ. ಆದರೆ ಅದೇ ವಾಕ್ಯದಲ್ಲಿ ಒಂದು ಷರತ್ತೂ ಇದೆ: ಅದೇ ಹೊಳೆಯ ದಂಡೆಯ ಬೇರೆ ಜಮೀನುದಾರರಿಗೆ ಗಣನೀಯ ಹಾನಿಯಾಗಬಾರದು. ಎಂದರೆ ದೊಣೆನಾಯಕನ ಅಪ್ಪಣೆ ಬೇಡದ ಹೊಳೆಯಲ್ಲೂ ಕೆಳಗಿನವನ ಹಂಗು ಇದ್ದೇ ಇದೆ. ನಾಲೆಯಾದರೋ ಹೊಳೆಯೇ ಅಲ್ಲ. ಲಕ್ಕವಳ್ಳಿಯಲ್ಲಿ ಅಣೆಕಟ್ಟೆ ಕಟ್ಟಿ, 71.5 ಟಿಎಂಸಿ ಅಡಿ ನೀರನ್ನು 186 ಅಡಿಯವರೆಗೆ ನಿಲ್ಲಿಸಿ, ಇಷ್ಟು ಸರ್ವೆ ನಂಬರುಗಳಿಗೆ ಇಷ್ಟು ನೀರು ಎಂದು ಲೆಕ್ಕ ಹಾಕಿ, ಆ ಲೆಕ್ಕಕ್ಕೆ ತಕ್ಕ ಅಗಲ ಮತ್ತು ಇಳಿಜಾರು ಕೊಟ್ಟು ತೋಡಿದ ದಾರಿ ಅದು. ಸುಮಾರು ಒಂದು ಲಕ್ಷ ಹೆಕ್ಟೇರಿನ ಅಚ್ಚುಕಟ್ಟಿಗೆ, ಎಂದರೆ ನಾಲೆಯ ನೀರಿಗೆ ಗೊತ್ತುಪಡಿಸಿದ ಜಮೀನಿಗೆ, ಹಂಚಿಕೆಯಾದ ನೀರು ನಿಮ್ಮ ತೋಟದ ಪಕ್ಕದಲ್ಲಿ ಹಾದುಹೋಗುತ್ತದೆ, ಅಷ್ಟೇ. ಅದರಲ್ಲಿ ನಿಮ್ಮ ಪಾಲಿದ್ದರೆ ಅದು ನಿಮ್ಮ ತೂಬಿನಿಂದ ಬರುತ್ತದೆ. ಏರಿ ಹತ್ತಿ ಕೊಳವೆ ಇಳಿಬಿಟ್ಟು ತೆಗೆದದ್ದು ಬೇರೆಯವರ ಪಾಲು.

ಇಲ್ಲಿ ನೀವು ಬರೆಯದೇ ಬಿಟ್ಟ ಒಂದು ಸಂಗತಿಯಿದೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ನಿಮ್ಮ ತೋಟ ನಾಲೆಯ ಯಾವ ಪಕ್ಕದಲ್ಲಿದೆ? ಭದ್ರಾ ನಾಲೆ ಬಹುತೇಕ ಗುಡ್ಡದ ಮಗ್ಗುಲನ್ನು ಹಿಡಿದು, ನೆಲದ ಮಟ್ಟವನ್ನು ಅನುಸರಿಸಿ ಬಳಸಿ ಬಳಸಿ ಸಾಗುತ್ತದೆ. ಇಂಥ ನಾಲೆಯ ಕೆಳಪಕ್ಕದ ನೆಲಕ್ಕೆ ಮಾತ್ರ ನೀರು ತಾನಾಗಿ ಇಳಿಯುತ್ತದೆ. ಅಚ್ಚುಕಟ್ಟು ಆ ಪಕ್ಕದ್ದು. ಮೇಲ್ಪಕ್ಕದ ಜಮೀನು ನಾಲೆಗೆ ಎಷ್ಟೇ ಹತ್ತಿರವಿರಲಿ, ಯೋಜನೆಯ ಲೆಕ್ಕದಲ್ಲಿ ಖುಷ್ಕಿ, ಮಳೆಯನ್ನೇ ನಂಬಿದ ಒಣನೆಲ. ನಾಲೆಯ ಅಗಲದಷ್ಟು ಅಂತರ, ಈ ದಂಡೆಯವನು ಹಕ್ಕುದಾರ, ಆ ದಂಡೆಯವನು ನೋಡುಗ. ಅದೇ ಮಣ್ಣು, ಅದೇ ಮಳೆ, ಎಷ್ಟೋ ಕಡೆ ಒಂದೇ ಮನೆತನದ ಪಾಲಾದ ಎರಡು ತುಂಡುಗಳು.

ಮೇಲ್ಪಕ್ಕದವರ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ನಾಲೆ ತೋಡಲು ನೆಲ ಬಿಟ್ಟುಕೊಟ್ಟವರಲ್ಲಿ ಅವರೂ ಇದ್ದಾರೆ. ಕಣ್ಣೆದುರು ನೀರು ಹರಿಯುವಾಗ ಬಾಡುವ ಗಿಡವನ್ನು ನೋಡುತ್ತ ಕೂರುವುದು ಸುಲಭವಲ್ಲ. ಆದರೆ ಆ ಸಂಕಟದ ಬಾಕಿಯನ್ನು ತೀರಿಸಬೇಕಾದದ್ದು ನೆಲ ತೆಗೆದುಕೊಂಡ ಸರ್ಕಾರ. ಏತ ನೀರಾವರಿ ಕೊಡಿ ಎಂದು ಕೇಳಬಹುದು, ಕೆರೆ ತುಂಬಿಸಿ ಎಂದು ಹೋರಾಡಬಹುದು. ನಾಲೆಗೆ ಪಂಪಿಟ್ಟರೆ ಆ ಬಾಕಿ ವಸೂಲಾಗುವುದು ಸರ್ಕಾರದಿಂದಲ್ಲ, ನೆಲ ತೆಗೆದುಕೊಂಡದ್ದರಲ್ಲಿ ಯಾವ ಪಾತ್ರವೂ ಇಲ್ಲದ ಹರಿಹರದ ಗದ್ದೆಯಿಂದ.

ಈಗ ದೂರದ ಮಾತು. ನಿಮ್ಮೊಂದು ಪಂಪಿನಿಂದ ಅಲ್ಲಿ ಭತ್ತ ಒಣಗುತ್ತದೆಯೇ? ಲೆಕ್ಕ ಹಾಕೋಣ. ನಾಲೆಯ ಏರಿಯಿಂದ ತೋಟಕ್ಕೆ ಎತ್ತುವ ಎತ್ತರ ಕಡಿಮೆ. ಅಷ್ಟು ಎತ್ತರಕ್ಕೆ ಐದು ಎಚ್‌ಪಿ ಪಂಪು ಸೆಕೆಂಡಿಗೆ ಸುಮಾರು 10ರಿಂದ 15 ಲೀಟರ್ ಎತ್ತುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೆ ತುಸು ಹೆಚ್ಚು. ಎಂಟು ಪಂಪು ಒಟ್ಟಿಗೆ ಓಡಿದರೆ ಮೂರು ಕ್ಯೂಸೆಕ್ ಹೋಯಿತು. ಒಂದು ಕ್ಯೂಸೆಕ್ ಹಗಲೂ ರಾತ್ರಿ ಹರಿದರೆ ಹನ್ನೆರಡು ಎಕರೆಯ ಮೇಲೆ ಎರಡು ಅಂಗುಲ ನೀರು ನಿಲ್ಲುತ್ತದೆ. ಮೂರು ಕ್ಯೂಸೆಕ್ಕಿಗೆ ಮೂವತ್ತಾರು ಎಕರೆ. ಇದನ್ನು ನಿಮ್ಮ ಅಕ್ಕಪಕ್ಕದ ಎಂಟೇ ತೋಟಗಳಿಗೆ ಹಾಕಿದ ಲೆಕ್ಕ ಎಂಬುದು ನೆನಪಿರಲಿ. ನಾಲೆಯುದ್ದಕ್ಕೂ ಇರುವ ತೋಟಗಳನ್ನು ಎಣಿಸುವ ಕೆಲಸ ನಿಮಗೇ ಬಿಟ್ಟದ್ದು.

ಇನ್ನೂ ಕೆಟ್ಟ ಸಂಗತಿ ಎಂದರೆ ಕೊರತೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಒಂದು ವಿತರಣಾ ನಾಲೆಯಲ್ಲಿ ಮೂವತ್ತು ಕ್ಯೂಸೆಕ್ ಹರಿಯುತ್ತದೆ, ಕೊನೆಯ ತೂಬಿನ ಪಾಲು ಮೂರು ಕ್ಯೂಸೆಕ್ ಎಂದುಕೊಳ್ಳಿ. ಮೇಲೆ ಯಾರೋ ಮೂರು ಕ್ಯೂಸೆಕ್ ಎತ್ತಿದರು. ಒಟ್ಟು ನೀರಿನಲ್ಲಿ ಕಡಿಮೆಯಾದದ್ದು ಹತ್ತನೆಯ ಒಂದು ಪಾಲು. ಆದರೆ ನಡುವಿನ ತೂಬುಗಳು ತಮ್ಮ ಪಾಲನ್ನು ಎಳೆದುಕೊಂಡೇ ತೀರುತ್ತವೆ. ಆದ್ದರಿಂದ ಆ ಹತ್ತನೆಯ ಒಂದು ಪಾಲು ಪೂರ್ತಿಯಾಗಿ ಕೊನೆಯವನ ಗದ್ದೆಯಲ್ಲೇ ಕಡಿಮೆಯಾಗುತ್ತದೆ. ಮೇಲೆ ಹತ್ತು ಪೈಸೆಯಷ್ಟು ಎತ್ತಿದರೆ ಕೆಳಗೆ ರೂಪಾಯಿಗೆ ರೂಪಾಯಿಯೇ ಖಾಲಿ. ಸಾಲದ್ದಕ್ಕೆ ತೂಬುಗಳನ್ನು ನಾಲೆಯ ನಿರ್ದಿಷ್ಟ ಮಟ್ಟಕ್ಕೆ ಕೂರಿಸಿರುತ್ತಾರೆ. ಮಟ್ಟ ತೂಬಿನ ಹೊಸ್ತಿಲಿಗಿಂತ ಕೆಳಗಿಳಿದರೆ ನಾಲೆಯಲ್ಲಿ ನೀರು ಕಾಣಿಸುತ್ತಿದ್ದರೂ ತೂಬಿನಲ್ಲಿ ಹನಿಯೂ ಬರುವುದಿಲ್ಲ. ನಿಮ್ಮ ಭಾವಮೈದುನನ ಕೋಪಕ್ಕೆ ಆಧಾರವಿದೆ. ಅವರು ‘ನೀವೇ’ ಎಂದು ಬೊಟ್ಟು ಮಾಡುವುದರಲ್ಲಿ ತುಸು ಅತಿಯಿದೆ, ಏಕೆಂದರೆ ಅದು ಸಾಲಾಗಿ ನಿಂತ ಅನೇಕ ‘ನೀವು’ಗಳ ಕೆಲಸ. ಪಾಲುದಾರರು ಹೆಚ್ಚಾದಷ್ಟೂ ತಪ್ಪು ಹಗುರಾಗುತ್ತದೆ ಎಂಬುದು ಮಾತ್ರ ಹುಸಿ ಸಮಾಧಾನ. 1873ರಷ್ಟು ಹಿಂದೆಯೇ ಉತ್ತರ ಭಾರತದ ಕಾಲುವೆ ಕಾಯ್ದೆ ಇದಕ್ಕೆ ಉತ್ತರ ಕಂಡುಕೊಂಡಿತ್ತು: ನೀರು ಕದ್ದವನು ಯಾರೆಂದು ಪತ್ತೆಯಾಗದಿದ್ದರೆ ಆ ನೀರು ಹರಿದ ಜಮೀನಿನವನೇ ದಂಡದ ದರ ತೆರಬೇಕು. ಲಾಭ ಸಿಕ್ಕ ಜಾಗವೇ ಸಾಕ್ಷಿ.

ಹೊಣೆಯ ವಿಷಯದಲ್ಲಿ ನನ್ನ ನಿಲುವು ಇದೇ. ನೀರಿನ ದಾರಿಯಲ್ಲಿ ಮೊದಲು ನಿಂತವನ ಕೈಯಲ್ಲಿ ಕೆಡುಕು ಮಾಡುವ ಶಕ್ತಿ ಹೆಚ್ಚು. ಅದಕ್ಕೆ ಸರಿಯಾಗಿ ಅವನ ಹೊಣೆಯೂ ಹೆಚ್ಚು. ಕೊನೆಯವನು ಎಷ್ಟೇ ಸಣ್ಣ ಬುದ್ಧಿಯವನಾಗಿರಲಿ, ನಿಮ್ಮ ನೀರನ್ನು ಕಡಿಮೆ ಮಾಡುವುದು ಅವನಿಂದ ಸಾಧ್ಯವಿಲ್ಲ. ಅವನು ಒಳ್ಳೆಯವನೋ ಕೆಟ್ಟವನೋ ಎಂಬುದು ನಿಮಗೆ ತಾಗುವುದೇ ಇಲ್ಲ. ನೀವು ಎಂಥವರು ಎಂಬುದು ಮಾತ್ರ ಅವನಿಗೆ ಪ್ರತಿ ಬೇಸಿಗೆಯಲ್ಲೂ ತಾಗುತ್ತದೆ. ಪಂಕ್ತಿಯಲ್ಲಿ ಸೌಟು ಹಿಡಿದವನು ಎಲೆಗಳನ್ನು ಎಣಿಸಿಕೊಂಡು ಬಡಿಸಬೇಕು. ಕೊನೆಯ ಎಲೆಯವನು ಎಣಿಸಿ ಏನು ಮಾಡಿಯಾನು?

ಕೆಳಗಿನವನಿಗೆ ಹೊಣೆಯೇ ಇಲ್ಲ ಎಂದಲ್ಲ. ಹೊಲಗಾಲುವೆಯ ಹೂಳು ತೆಗೆಯುವುದು, ನೀರಿನ ಕರ ಕಟ್ಟುವುದು, ಗೊತ್ತುಪಡಿಸಿದ ಬೆಳೆಯನ್ನೇ ಇಡುವುದು ಅವನಿಗೂ ಉಂಟು. ಮಳೆಗಾಲಕ್ಕೆ ದಿಕ್ಕೇ ತಿರುಗುತ್ತದೆ: ಮೇಲಿನ ಹೊಲದ ಮೇಲೆ ಬಿದ್ದು ಸಹಜವಾಗಿ ಇಳಿದುಬರುವ ಮಳೆನೀರನ್ನು ಕೆಳಗಿನ ಹೊಲದವನು ಒಡ್ಡು ಹಾಕಿ ತಡೆಯುವಂತಿಲ್ಲ. ಆಗ ತೊಂದರೆ ಕೊಡುವ ಶಕ್ತಿ ಕೆಳಗಿನವನ ಕೈಗೆ ಬರುತ್ತದೆ, ಹೊಣೆಯೂ ಅದರ ಹಿಂದೆಯೇ ಇಳಿಯುತ್ತದೆ.

ಮಗನಿಗೆ ಒಂದು ಮಾತು. ನಿಯಮ ಎಲ್ಲರಿಗೂ ಒಂದೇ ಇರಬೇಕು ಎನ್ನುವುದು ಸರಿ. ಆ ನಿಯಮದಿಂದ ಹುಟ್ಟುವ ಹೊರೆ ಒಂದೇ ಇರಬೇಕು ಎನ್ನುವುದು ತಪ್ಪು. ಹೆದ್ದಾರಿಯಲ್ಲಿ ಅಪಘಾತವಾಯಿತು ಎನ್ನೋಣ. ದಾರಿಹೋಕ ನಿಂತು ನೆರವಾಗಲೇಬೇಕು ಎಂದು ನಮ್ಮ ಕಾನೂನು ಅವನನ್ನು ಕಟ್ಟಿಹಾಕುವುದಿಲ್ಲ. ನೆರವಾದರೆ ಅವನಿಗೆ ಕಿರುಕುಳವಾಗದಂತೆ ಕಾಪಾಡುತ್ತದೆ. ಗಾಡಿ ಓಡಿಸುತ್ತಿದ್ದವನಿಗೆ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಬೇರೆ ಮಾತು ಹೇಳುತ್ತದೆ: ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಅವನು ಕ್ರಮ ಕೈಗೊಳ್ಳಬೇಕು, ಪೊಲೀಸರಿಗೆ ತಿಳಿಸಬೇಕು. ಆಸ್ಪತ್ರೆಯ ವೈದ್ಯರು ಪೊಲೀಸರ ಕಾಗದಪತ್ರಕ್ಕೆ ಕಾಯದೆ ಮೊದಲು ಜೀವ ಉಳಿಸಬೇಕು ಎಂದು 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಬ್ಬನೇ ಗಾಯಾಳು, ಸುತ್ತ ಮೂವರು, ಮೂರು ಬಗೆಯ ಹೊಣೆ. ಜೀವ ಉಳಿಯಬೇಕು ಎಂಬ ಮೂಲ ತತ್ತ್ವದಲ್ಲಿ ಭೇದವಿಲ್ಲ. ಯಾರು ಎಲ್ಲಿ ನಿಂತಿದ್ದಾರೆ ಎಂಬುದರಿಂದ ಭೇದ ಬಂದಿದೆ. ದೇಶ, ಕಾಲ, ಪಾತ್ರ ನೋಡಿ ಧರ್ಮ ಹೇಳಬೇಕು ಎಂದು ಹಿರಿಯರು ಹೇಳುತ್ತಿದ್ದುದನ್ನು ಕಾನೂನು ಕಾಲೇಜಿನ ಹುಡುಗರು ನುಣುಚಿಕೊಳ್ಳುವ ಉಪಾಯ ಎಂದುಕೊಳ್ಳುತ್ತಾರೆ. ಹಾಗೆ ಬಳಸಿದವರೂ ಉಂಟು, ಸುಳ್ಳಲ್ಲ. ಸರಿಯಾಗಿ ಬಳಸಿದರೆ ಅದು ನುಣುಚಿಕೊಳ್ಳುವ ದಾರಿಗಳನ್ನೇ ಮುಚ್ಚುತ್ತದೆ.

ಕಾಲದ ವಿಷಯಕ್ಕೆ ಬಂದರೆ, ಜಲಾಶಯ ತುಂಬಿ ಕೋಡಿ ಬಿದ್ದ ವರ್ಷ ನಿಮ್ಮ ಪಂಪಿನಿಂದ ಯಾರಿಗೂ ಕಾಣುವಷ್ಟು ಹಾನಿಯಾಗದೆ ಹೋಗಬಹುದು. ಅಕ್ರಮ ಅಕ್ರಮವೇ, ಆದರೆ ಅನ್ಯಾಯದ ತೂಕ ಕಡಿಮೆ. 2023ರಂಥ ವರ್ಷದಲ್ಲಿ ಹಾಗಲ್ಲ. ಆಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಸಾರಲಾಯಿತು, ಭದ್ರಾ ನಾಲೆಗೆ ಎಷ್ಟು ದಿನ ನೀರು ಬಿಡಬೇಕು ಎಂಬುದಕ್ಕೇ ದಾವಣಗೆರೆಯಲ್ಲಿ ರೈತರು ಬೀದಿಗಿಳಿದರು. ಇಂಥ ವರ್ಷಗಳಲ್ಲಿ ನಾಲೆಗೆ ಸರದಿಯ ಮೇಲೆ ನೀರು ಬಿಟ್ಟು ನಿಲ್ಲಿಸುವ ಪದ್ಧತಿ ಜಾರಿಗೆ ಬರುತ್ತದೆ. ಬಿಟ್ಟ ದಿನಗಳಲ್ಲಿ ಮೇಲ್ಭಾಗದವರು ಎರಡು ಸರದಿಯ ನೀರು ಎಳೆದುಕೊಂಡರೆ, ನೀರು ಕೊನೆಗೆ ತಲುಪುವಷ್ಟರಲ್ಲಿ ನಿಲ್ಲಿಸುವ ದಿನ ಬಂದಿರುತ್ತದೆ. ನಾಲೆಯುದ್ದಕ್ಕೂ ನಿಷೇಧಾಜ್ಞೆ ಹಾಕಿ ಪೊಲೀಸರನ್ನು ನಿಲ್ಲಿಸಬೇಕಾಗಿ ಬರುವುದು ಇದಕ್ಕೇ. ಬೇಲಿಯ ಮೇಲೆ ಕಾವಲು ಕೂರಿಸಿ ಸಲಹುವ ನೀರಾವರಿ ಎಷ್ಟು ದಿನ ನಡೆದೀತು, ನೀವೇ ಹೇಳಿ.

ಇನ್ನು ಚಳ್ಳಕೆರೆಯ ನಿಮ್ಮ ಬೀಗರು. ತನ್ನ ನೆಲದಡಿಯಲ್ಲಿ, ಗೊತ್ತಾದ ಕಾಲುವೆಯಾಗಿ ಹರಿಯದೆ, ಇಂಗಿ ನಿಂತ ನೀರನ್ನು ನೆಲದ ಒಡೆಯ ತೆಗೆದುಕೊಳ್ಳಬಹುದು ಎಂಬುದು ಹಳೆಯ ತತ್ತ್ವ. ಆ 1882ರ ಕಾಯ್ದೆಯಲ್ಲಿ ಅದಕ್ಕೂ ಜಾಗವಿದೆ. ಬಾವಿಯನ್ನು ಕೈಯಿಂದ ತೋಡಿ, ಕಪಿಲೆ ಹೂಡಿ ನೀರೆತ್ತುತ್ತಿದ್ದ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಎತ್ತುಗಳ ದಣಿವೇ ಅಲ್ಲಿ ಮಿತಿ ಹಾಕುತ್ತಿತ್ತು. ಈಗ ನೂರಾರು ಅಡಿ ಕೊರೆದು ಗಟ್ಟಿ ಬಂಡೆಯ ಬಿರುಕುಗಳಿಂದ ಎಳೆಯುವ ನೀರು ಯಾರ ಹೊಲದಡಿಯದು ಎಂದು ಹೇಳುವವರು ಯಾರು? ನಾಲೆಯಲ್ಲಿ ಮೇಲಿನವನು ಯಾರು, ಕೆಳಗಿನವನು ಯಾರು ಎಂಬುದು ಕಣ್ಣಿಗೆ ಕಾಣುತ್ತದೆ. ಬಂಡೆಯ ಬಿರುಕಿನಲ್ಲಿ ಕಾಣುವುದಿಲ್ಲ. ಯಾರೂ ಕೇಳದಿರುವುದಕ್ಕೆ ಮುಖ್ಯ ಕಾರಣ ಅದೇ. ಅವರು ಹೊಣೆಯಿಂದ ಮುಕ್ತರು ಎಂದು ಇದರಿಂದ ತೀರ್ಮಾನಿಸಬೇಡಿ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ ಎಂದು 1999ರ ಅಂತರ್ಜಲ ಕಾಯ್ದೆ ಹೇಳುತ್ತದೆ. 2011ರ ಇನ್ನೊಂದು ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿಗೆ ಅನುಮತಿ, ನೋಂದಣಿ ಕಡ್ಡಾಯ ಮಾಡಿತು. ಪಂಚಾಯಿತಿಯ ಕೊಳವೆಬಾವಿಯಿಂದ ಅಳೆದು 490 ಮೀಟರಿಗೆ ಬೀಗರ ಬಾವಿ ಇದ್ದರೆ ಒಂದು ಕಾನೂನು, 510ಕ್ಕಿದ್ದರೆ ಇನ್ನೊಂದು. ಜಾಗ ಹೊಣೆಯನ್ನು ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒರಟಾದ ಉದಾಹರಣೆ ನನ್ನಲ್ಲಿಲ್ಲ.

ಈ ಎಲ್ಲ ಕಾಯ್ದೆಗಳಿಗಿಂತ ನಮ್ಮ ಬಯಲುಸೀಮೆಯ ಕೆರೆಗಳು ಈ ವಿಚಾರವನ್ನು ಚೆನ್ನಾಗಿ ಅರಿತಿದ್ದವು. ಇದನ್ನು ಬರೆಯುವಾಗ ನನ್ನ ಪೆನ್ನು ತುಸು ಹೆಚ್ಚು ಓಡಿದರೆ ಸಹಿಸಿಕೊಳ್ಳಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನು ಕಟ್ಟಿಸಿದ ಕೆರೆಯನ್ನು ದಾಖಲಿಸುವ ಪ್ರಾಕೃತ ಶಾಸನ ನಾಲ್ಕನೆಯ ಶತಮಾನದ್ದು. ಅಲ್ಲಿಂದ ಮುಂದೆ ಸಾವಿರ ವರ್ಷಗಳ ಕನ್ನಡ ಶಾಸನಗಳಲ್ಲಿ ಬಿತ್ತುವಟ್ಟ, ಕಟ್ಟುಕೊಡಗೆ, ದಶವಂದ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವನಿಗೆ, ಅದನ್ನು ಕೆಡದಂತೆ ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿ ಅಥವಾ ಆದಾಯದ ಪಾಲು ಅದು. ಅನೇಕ ಕಡೆ ಆ ಭೂಮಿಯನ್ನು ಕೊಡುತ್ತಿದ್ದುದು ಅದೇ ಕೆರೆಯ ಕೆಳಗೇ. ಕೆರೆ ಕೆಟ್ಟರೆ ನೋಡಿಕೊಳ್ಳುವವನ ಗದ್ದೆಯೇ ಮೊದಲು ಒಣಗಬೇಕು. ಹೊಣೆಯನ್ನೂ ಲಾಭವನ್ನೂ ಒಂದೇ ಜಾಗದಲ್ಲಿ ನೆಟ್ಟ ಜಾಣತನ ಇದು.

ತೂಬು ಎತ್ತಿ ಇಳಿಸುವ ನೀರುಗಂಟಿಯೂ ಗ್ರಾಮದ ಒಬ್ಬ ಅಧಿಕಾರಿಯೇ ಆಗಿದ್ದ. ಯಾವ ಗದ್ದೆಗೆ ಯಾವ ರಾತ್ರಿ ನೀರು ಎಂಬುದು ಅವನ ಮಾತು. ಗದ್ದೆಯ ಒಡೆಯ ಎಷ್ಟೇ ದೊಡ್ಡ ಮನುಷ್ಯನಾದರೂ ತೂಬಿಗೆ ಕೈ ಹಾಕುವಂತಿರಲಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಆ ವಂಶಪಾರಂಪರ್ಯದ ಹುದ್ದೆಗಳು ಹೋದವು. ಜಾತಿಗೆ ಕಟ್ಟುಬಿದ್ದ ದುಡಿಮೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಆ ಜಾಗದಲ್ಲಿ ಯಾರನ್ನು ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಉತ್ತರ ಅರ್ಧಕ್ಕೇ ನಿಂತಿತು. ನಿಮ್ಮ ನಾಲೆಯ ಮೇಲೆ ಓಡಾಡುವ ಸೌಡಿಗೆ, ಎಂದರೆ ಇಂದಿನ ನೀರುಗಾವಲಿನವನಿಗೆ, ಆ ಹಳೆಯ ಅಧಿಕಾರವಿಲ್ಲ. ಅವನು ಗದರಿದರೆ ನೀವು ಶಾಸಕರಿಗೆ ಫೋನು ಮಾಡುತ್ತೀರಿ.

ಆಂಧ್ರದ ಗಡಿಯತ್ತ ಕೆಲವು ಕೆರೆಗಳಲ್ಲಿ ದಾಮಾಷ ಎಂಬ ಏರ್ಪಾಡಿತ್ತು. ಕೆರೆ ಅರ್ಧ ತುಂಬಿದ ವರ್ಷ ಇಡೀ ಅಚ್ಚುಕಟ್ಟಿಗೆ ನೀರು ಹರಿಸಲು ಹೋಗುತ್ತಿರಲಿಲ್ಲ. ತೂಬಿಗೆ ಹತ್ತಿರದ ಭಾಗವನ್ನಷ್ಟೇ ಸಾಗುವಳಿ ಮಾಡುವುದು, ಆ ಭಾಗವನ್ನು ಆ ವರ್ಷದ ಮಟ್ಟಿಗೆ ಎಲ್ಲ ರೈತರಿಗೂ ಅವರವರ ಜಮೀನಿನ ಪ್ರಮಾಣದಲ್ಲಿ ಹಂಚುವುದು. ಕೊನೆಭಾಗದವನು ಆ ವರ್ಷ ಮೇಲ್ಭಾಗದವನ ಹೊಲದಲ್ಲಿ ಬಿತ್ತುತ್ತಿದ್ದ! ಇದನ್ನು ಇಂದು ಭದ್ರಾ ಅಚ್ಚುಕಟ್ಟಿನಲ್ಲಿ ಜಾರಿಗೆ ತನ್ನಿ ಎಂದು ಹೇಳಿದರೆ ನನ್ನನ್ನು ನಾಲೆಗೆ ತಳ್ಳುತ್ತೀರಿ, ಅಡಿಕೆ ಮರ ವರ್ಷಕ್ಕೊಮ್ಮೆ ಜಾಗ ಬದಲಿಸುವುದೂ ಇಲ್ಲ. ಆದರೆ ಮೇಲ್ಭಾಗದಲ್ಲಿ ಜಮೀನಿರುವುದು ಅದೃಷ್ಟವೇ ಹೊರತು ಅರ್ಹತೆಯಲ್ಲ ಎಂದು ನಮ್ಮ ನೆಲದ ರೈತರೇ ಒಪ್ಪಿ, ಅದಕ್ಕೊಂದು ವಿಧಾನವನ್ನೂ ಮಾಡಿಕೊಂಡಿದ್ದರು ಎಂಬುದು ನಿಮಗೆ ತಿಳಿದಿರಲಿ.

ಈ ಮಾತನ್ನು ನಿಮಗೆ ಹೇಳಿ ಸುಮ್ಮನಾದರೆ ದಾವಣಗೆರೆಯ ನಮಗೆಲ್ಲ ಹಿತವಾಗಿರುತ್ತದೆ. ಆದ್ದರಿಂದ ಇನ್ನೊಂದು ಹೆಜ್ಜೆ. ಭದ್ರಾ ನಾಲೆಯಲ್ಲಿ ನಾವು ಕೊನೆಯವರು, ಶಿವಮೊಗ್ಗದ ಕಡೆಯವರು ಮೇಲಿನವರು ಎಂದು ಪ್ರತಿವರ್ಷ ಗುಡುಗುತ್ತೇವೆ. ಭದ್ರಾ ಮೇಲ್ದಂಡೆ ಯೋಜನೆಯ ಮಾತು ಬಂದ ಕೂಡಲೇ ನಾವೇ ಮೇಲಿನವರಾಗಿಬಿಡುತ್ತೇವೆ. ತುಂಗೆಯಿಂದ 17.4 ಟಿಎಂಸಿ ಅಡಿ ನೀರನ್ನು ಭದ್ರೆಗೆ ಎತ್ತಿ, ಭದ್ರೆಯ 12.5 ಸೇರಿಸಿ, ಒಟ್ಟು 29.9 ಟಿಎಂಸಿಯನ್ನು ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರಿನ ಒಣನೆಲಕ್ಕೆ ಮತ್ತು ನಮ್ಮದೇ ಜಗಳೂರಿಗೆ ಒಯ್ಯುವ ಯೋಜನೆ ಅದು. 2025ರಲ್ಲಿ ಅಣೆಕಟ್ಟೆಯ ಬಳಿ ಬಲದಂಡೆ ನಾಲೆಯನ್ನು ಸೀಳಿ, ಹೊಸದುರ್ಗವೂ ಸೇರಿದಂತೆ ಹಲವು ಕಡೆಗೆ ಕುಡಿಯುವ ನೀರು ಒಯ್ಯುವ ಕಾಮಗಾರಿ ನಡೆದಾಗ ದಾವಣಗೆರೆ ಬಂದ್ ಆಯಿತು. ನಾಲೆ ಸೀಳಿದ ರೀತಿಯನ್ನು, ಅಚ್ಚುಕಟ್ಟಿನ ರೈತರನ್ನು ಕೇಳದೆ ಕೆಲಸ ಆರಂಭಿಸಿದ್ದನ್ನು ವಿರೋಧಿಸುವುದು ನ್ಯಾಯವೇ. ಅಣೆಕಟ್ಟೆಯಿಂದಲೇ ಬೇರೆ ದಾರಿಯಲ್ಲಿ ಒಯ್ಯಿರಿ ಎನ್ನುವುದೂ ನ್ಯಾಯವೇ. ‘ನಮ್ಮ ನೀರು’ ಎಂಬ ಮಾತು ಮಾತ್ರ ನನ್ನ ಕಿವಿಗೆ ನಿಮ್ಮ ಪಂಪಿನ ಸದ್ದಿನಂತೆಯೇ ಕೇಳುತ್ತದೆ.

ಅತ್ತ ಹಿರಿಯೂರಿನ ವಾಣಿವಿಲಾಸ ಸಾಗರವನ್ನು ನೋಡಿ. 1907ರಲ್ಲಿ ಮುಗಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಂಥ ಸೀಮೆಯ ಜನ ಕುಡಿಯುವ ನೀರು ಕೇಳುವುದಕ್ಕೂ ನಾವು ಬೇಸಿಗೆ ಭತ್ತಕ್ಕೆ ನೀರು ಕೇಳುವುದಕ್ಕೂ ಒಂದೇ ತೂಕವಿಲ್ಲ. ರಾಜ್ಯದ 2002ರ ಜಲನೀತಿ ಕುಡಿಯುವ ನೀರಿಗೆ ಮೊದಲ ಸ್ಥಾನ, ನೀರಾವರಿಗೆ ಎರಡನೆಯದು ಎಂದು ಕ್ರಮ ಹಾಕಿದ್ದು ಇದಕ್ಕೇ. ನಿಮಗಂತೂ ಇದು ಹೊಸದಲ್ಲ. ನಿಮ್ಮ ತಾಲ್ಲೂಕಿನ ಸೂಳೆಕೆರೆಯ, ಎಂದರೆ ಶಾಂತಿಸಾಗರದ, ನೀರನ್ನೇ ಚಿತ್ರದುರ್ಗ ನಗರ ಕುಡಿಯುತ್ತಿದೆ. ಶಾಂತಿಸಾಗರ ನಮ್ಮದು ಎಂದು ಹೆಮ್ಮೆಪಡುವ ಚನ್ನಗಿರಿಯವರು ಆ ಹೊಣೆಯನ್ನು ಹೊತ್ತೇ ಬದುಕುತ್ತಿದ್ದಾರೆ.

ನಿಮ್ಮ ಭಾವಮೈದುನನೂ ಕಟ್ಟಕಡೆಯವರಲ್ಲ. ಅವರ ಗದ್ದೆಯ ಬಸಿನೀರು ತುಂಗಭದ್ರೆ ಸೇರಿ ಹೊಸಪೇಟೆಯ ಅಣೆಕಟ್ಟೆಗೆ ಹೋಗುತ್ತದೆ. ಅಲ್ಲಿನ ಎಡದಂಡೆ ನಾಲೆಯ ಕೊನೆಯಲ್ಲಿ ರಾಯಚೂರಿನ ರೈತರು ಇದೇ ಜಗಳವನ್ನು ಆಡುತ್ತಿದ್ದಾರೆ. ಅದರಾಚೆ ಆಂಧ್ರ, ತೆಲಂಗಾಣ. ಅವರ ಪಾಲಿನ ಲೆಕ್ಕಕ್ಕೆ 1969ರಲ್ಲಿ ಕೃಷ್ಣಾ ನೀರು ಹಂಚುವ ಬಚಾವತ್ ನ್ಯಾಯಮಂಡಳಿ ಕೂರಬೇಕಾಯಿತು. ಅಂತರರಾಜ್ಯ ನದಿಯ ನೀರು ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ ಎಂದು 2018ರ ಕಾವೇರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ, ಅದು ನಿಮ್ಮ ನಾಲೆಯ ಏರಿಗೂ ಹೊಂದುವ ಮಾತೇ ಆಗಿತ್ತು.

ಇನ್ನು ಮಾಡಬೇಕಾದ ಕೆಲಸ. ಮೊದಲು ಗ್ರಾಮ ನಕ್ಷೆ ಮತ್ತು ನೀರಾವರಿ ಇಲಾಖೆಯ ಅಚ್ಚುಕಟ್ಟು ನಕ್ಷೆಯನ್ನು ಪಕ್ಕಪಕ್ಕ ಇಟ್ಟು, ನಿಮ್ಮ ಸರ್ವೆ ನಂಬರು ಅಚ್ಚುಕಟ್ಟಿನ ಒಳಗೋ ಹೊರಗೋ ನೋಡಿ. ಒಳಗಿದ್ದರೆ ನಿಮ್ಮ ನೀರು ತೂಬಿನಿಂದ ಬರಬೇಕು. ತೂಬು ಹಾಳಾಗಿದ್ದರೆ, ಹೊಲಗಾಲುವೆ ಒತ್ತುವರಿಯಾಗಿದ್ದರೆ ಆ ದೂರನ್ನು ಬರವಣಿಗೆಯಲ್ಲಿ ಕೊಡಿ. ಅಡಿಕೆಗೆ ನಿಜಕ್ಕೂ ಎಷ್ಟು ನೀರು ಬೇಕು ಎಂಬ ಲೆಕ್ಕವೂ ಒಂದಿದೆ. ಹನಿ ನೀರಾವರಿಯಲ್ಲಿ ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಒಂಬತ್ತು ಅಡಿ ಅಂತರದಲ್ಲಿ ನೆಟ್ಟಿದ್ದರೆ ನಾಲ್ಕು ಎಕರೆಗೆ ಸುಮಾರು 2,200 ಮರ, ದಿನಕ್ಕೆ 44,000 ಲೀಟರ್. ನಿಮ್ಮ ಪಂಪು ಇಷ್ಟನ್ನು ಒಂದು ಗಂಟೆಯಲ್ಲಿ ಎತ್ತುತ್ತದೆ. ಮಿಕ್ಕ ಹೊತ್ತು ಅದು ಓಡುವುದು ತೋಟದ ನೆಲವನ್ನು ಕೆಸರು ಮಾಡಲು. ತೂಬಿನ ಸರದಿಯಲ್ಲಿ ಬಂದ ನೀರನ್ನು ಕೃಷಿ ಹೊಂಡದಲ್ಲಿ ಹಿಡಿದಿಟ್ಟು ಹನಿ ಕೊಳವೆಗೆ ಬಿಟ್ಟರೆ ನಾಲೆ ನಿಂತ ದಿನಗಳನ್ನೂ ದಾಟಬಹುದು. ಜಮೀನು ಅಚ್ಚುಕಟ್ಟಿನ ಹೊರಗಿದ್ದರೆ ನಾಲೆಯ ಆಸೆ ಬಿಟ್ಟು, ಮಳೆನೀರಿನ ಹೊಂಡ ಮತ್ತು ಹನಿ ನೀರಾವರಿಯ ಸಹಾಯಧನಕ್ಕೆ ಕೃಷಿ ಹಾಗೂ ತೋಟಗಾರಿಕೆ ಇಲಾಖೆಗಳಲ್ಲಿ ಅರ್ಜಿ ಹಾಕಿ.

ಎರಡನೆಯದು, ನಿಮ್ಮ ವಿತರಣಾ ನಾಲೆಯ ನೀರು ಬಳಕೆದಾರರ ಸಹಕಾರ ಸಂಘಕ್ಕೆ ಸದಸ್ಯರಾಗಿ, ಸಭೆಗೆ ಹೋಗಿ. ಸರದಿ ಕೊನೆಯ ತೂಬಿನಿಂದ ಆರಂಭವಾಗಿ ಮೇಲಕ್ಕೆ ಬರಲಿ ಎಂಬ ಸಲಹೆಯನ್ನು ಅಲ್ಲಿ ನೀವೇ ಇಡಿ. ಕೊನೆಭಾಗದವನು ಇಟ್ಟರೆ ಅದು ಗೋಳು ಎನಿಸಿಕೊಳ್ಳುತ್ತದೆ, ಮೇಲ್ಭಾಗದವನು ಇಟ್ಟರೆ ನಿರ್ಣಯವಾಗುತ್ತದೆ. ಬೇಸಿಗೆ ಬೆಳೆಗೆ ನೀರು ಬಿಡುವ ತೀರ್ಮಾನವನ್ನು ನೀರಾವರಿ ಸಲಹಾ ಸಮಿತಿ ಸಾಮಾನ್ಯವಾಗಿ ಜನವರಿಯ ಆರಂಭದಲ್ಲಿ ತೆಗೆದುಕೊಳ್ಳುತ್ತದೆ. ಆದ್ದರಿಂದ ಸಂಘದ ನಿರ್ಣಯ ಡಿಸೆಂಬರಿನೊಳಗೆ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ತಲುಪಿರಬೇಕು. ಅರ್ಜಿಗೆ ಪಹಣಿ, ಅಚ್ಚುಕಟ್ಟು ನಕ್ಷೆಯ ಪ್ರತಿ, ನೀರಿನ ಕರ ಕಟ್ಟಿದ ರಸೀದಿ ಲಗತ್ತಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಕರ ಬಾಕಿಯಿದ್ದರೆ ಅದನ್ನು ಮೊದಲು ಕಟ್ಟಿ, ಆಮೇಲೆ ಅರ್ಜಿ ಬರೆಯಿರಿ.